ನವರಾತ್ರಿಯ ಗೊಂಬೆಮನೆ: ಬರುವವರಿಗಾಗಿ ನಡೆಯುವ ಸಿದ್ಧತೆ

ಹಳೆಯ ಮೈಸೂರು ಸೀಮೆಯ ಹಬ್ಬಗಳಲ್ಲಿ ಬಹುಪಾಲು ಹಬ್ಬಗಳು ಮನೆಯವರು ತಮ್ಮ ಪಾಡಿಗೆ ಪೂಜೆ ಮುಗಿಸಿ ಊಟಕ್ಕೆ ಕುಳಿತರೆ ಪೂರ್ಣಗೊಳ್ಳುವಂಥವು. ಗೊಂಬೆ ಹಬ್ಬ ಮಾತ್ರ ಹಾಗಲ್ಲ. ಆಶ್ವಯುಜ ಶುದ್ಧ ಪಾಡ್ಯದಿಂದ ವಿಜಯದಶಮಿಯವರೆಗೆ ನಡುಮನೆಯಲ್ಲಿ ಮೆಟ್ಟಿಲು ಕಟ್ಟಿ, ಗೊಂಬೆಗಳನ್ನು ಕೂರಿಸಿ, ಪ್ರತಿ ಸಂಜೆ ನೆರೆಹೊರೆಯವರನ್ನೂ ನೆಂಟರನ್ನೂ ಮಕ್ಕಳನ್ನೂ ಕರೆದು ಆರತಿ ಬೆಳಗಿ ಅರಿಶಿನ ಕುಂಕುಮ ಕೊಡುವ ಈ ಆಚರಣೆಯಲ್ಲಿ, ನೋಡಲು ಬರುವವರೇ ಇಲ್ಲದಿದ್ದರೆ ಹಬ್ಬ ನಡೆದಂತೆಯೇ ಆಗುವುದಿಲ್ಲ. ಆದ್ದರಿಂದ ಈ ಹಬ್ಬಕ್ಕೆ ಮನೆಯನ್ನು ಅಣಿಗೊಳಿಸುವುದೆಂದರೆ ಗೊಂಬೆಗಳನ್ನು ಜೋಡಿಸುವುದಷ್ಟೇ ಅಲ್ಲ; ಹತ್ತು ಸಂಜೆಗಳ ಕಾಲ ಬಾಗಿಲು ತೆರೆದಿಟ್ಟು, ಬಂದವರು ಒಳಗೆ ಬರುವುದಕ್ಕೆ, ನಿಂತು ನೋಡುವುದಕ್ಕೆ, ಕುಳಿತು ಮಾತಾಡುವುದಕ್ಕೆ ಬೇಕಾದ ಎಡೆಯನ್ನೂ ಮನೆಯವರ ಬಿಡುವನ್ನೂ ಮೊದಲೇ ಹೊಂದಿಸಿಕೊಳ್ಳುವುದು. ಗೊಂಬೆಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಾ, ಬಂದವರಿಗೆ ಕೂರಲು ಜಾಗವಿಲ್ಲದೆ ಫೋಟೋ ತೆಗೆದುಕೊಂಡು ಹೊರಡುವ ಸ್ಥಿತಿ ಇಂದು ಅನೇಕ ಮನೆಗಳಲ್ಲಿ ಕಾಣುತ್ತಿರುವಾಗ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಗೊಂಬೆ ಕೂರಿಸುವ ರೂಢಿ ಕರ್ನಾಟಕದಾದ್ಯಂತ ಒಂದೇ ಬಗೆಯಾಗಿಲ್ಲ. ಮೈಸೂರು, ಮಂಡ್ಯ, ಬೆಂಗಳೂರು, ತುಮಕೂರು, ಹಾಸನದ ಕಡೆ ಅದು ಮನೆತನದ ಆಚರಣೆಯಾಗಿ ಬೆಳೆದಿದ್ದರೆ, ಉತ್ತರ ಕರ್ನಾಟಕದಲ್ಲಿ ನವರಾತ್ರಿಯೆಂದರೆ ಘಟಸ್ಥಾಪನೆ, ದೀಪ ಹಾಕುವುದು ಮತ್ತು ದಶಮಿಯಂದು ಬನ್ನಿ ಕೊಟ್ಟು ತೆಗೆದುಕೊಳ್ಳುವುದೇ ಮುಖ್ಯ. ತಮಿಳರ ಕೊಲು, ತೆಲುಗರ ಬೊಮ್ಮಲ ಕೊಲುವು ಎಂಬ ಆಚರಣೆಗಳೊಂದಿಗೆ ಇದಕ್ಕೆ ಹತ್ತಿರದ ಸಂಬಂಧವಿದೆ. ಆದರೆ ಮೈಸೂರು ಸೀಮೆಯಲ್ಲಿ ಅರಮನೆಯ ದಸರೆಯ ನೆರಳು ಮನೆಯ ಗೊಂಬೆಗಳ ಮೇಲೂ ಬಿದ್ದಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆ ಮುಂದೆ ಮೈಸೂರಿಗೆ ಬಂದು ನೆಲೆಸಿತು. 1897ರ ಬೆಂಕಿಯಲ್ಲಿ ಮರದ ಅರಮನೆ ಸುಟ್ಟ ಬಳಿಕ ಹೆನ್ರಿ ಇರ್ವಿನ್ ಅವರ ವಿನ್ಯಾಸದಂತೆ ಕಟ್ಟಿ 1912ರಲ್ಲಿ ಮುಗಿದ ಇಂದಿನ ಅರಮನೆಯಲ್ಲಿ ಗೊಂಬೆ ತೊಟ್ಟಿ ಎಂಬ ಅಂಗಳವೇ ಇದ್ದು, ಪ್ರವಾಸಿಗರು ಅದನ್ನು ಹಾದೇ ಒಳಗೆ ಹೋಗುತ್ತಾರೆ. ಮನೆಗಳ ಗೊಂಬೆ ಸಾಲಿನಲ್ಲಿ ಅಂಬಾರಿ ಹೊತ್ತ ಆನೆ, ಕಹಳೆಯವರು, ಕಾಲಾಳುಗಳು ಸೇರಿದ ದಸರಾ ಮೆರವಣಿಗೆ ತಪ್ಪದೆ ಕಾಣಿಸುವುದಕ್ಕೆ ಈ ನಂಟೇ ಕಾರಣ.

ಸಿದ್ಧತೆಯ ಮೊದಲ ಪ್ರಶ್ನೆ ಜಾಗದ್ದು. ಮೆಟ್ಟಿಲುಗಳು ಬೆಸಸಂಖ್ಯೆಯಲ್ಲಿರಬೇಕೆಂಬುದು ಸಂಪ್ರದಾಯ. ಮೂರು, ಐದು, ಏಳು ಅಥವಾ ಒಂಬತ್ತು ಮೆಟ್ಟಿಲುಗಳನ್ನು ಹಿಂದೆ ಕಬ್ಬಿಣದ ಟ್ರಂಕು, ಮರದ ಬೆಂಚು, ಸೀಮೆಎಣ್ಣೆ ಡಬ್ಬ ಮತ್ತು ಹಲಗೆಗಳಿಂದ ಕಟ್ಟುತ್ತಿದ್ದರು, ಈಗ ಮಡಚಿ ಎತ್ತಿಡಬಹುದಾದ ಕಬ್ಬಿಣದ ಸ್ಟ್ಯಾಂಡುಗಳು ಅವುಗಳ ಸ್ಥಾನಕ್ಕೆ ಬಂದಿವೆ. ಲೆಕ್ಕ ಹಾಕಿ ನೋಡಿದರೆ, ಒಂದೊಂದು ಮೆಟ್ಟಿಲು ಹತ್ತು ಅಂಗುಲ ಅಗಲವಿರುವ ಏಳು ಮೆಟ್ಟಿಲುಗಳ ಸ್ಟ್ಯಾಂಡು ಗೋಡೆಯಿಂದ ಸುಮಾರು ಆರು ಅಡಿ ಮುಂದಕ್ಕೆ ಚಾಚಿಕೊಳ್ಳುತ್ತದೆ. ಹತ್ತಕ್ಕೆ ಹನ್ನೆರಡು ಅಡಿಯ ಹಾಲ್ ಇರುವ ಫ್ಲಾಟಿನಲ್ಲಿ ಇಷ್ಟರಿಂದಲೇ ಅರ್ಧ ಕೋಣೆ ತುಂಬಿಹೋಗುತ್ತದೆ, ಅದರ ಮುಂದೆ ರಂಗೋಲಿ, ದೀಪ, ನೆಲದ ಮೇಲೆ ಹೂಡುವ ಪುಟ್ಟ ಪಾರ್ಕು ಎಂದು ಮತ್ತೆರಡು ಅಡಿ ಬಿಟ್ಟರೆ ಬಂದವರು ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಅದೇ ಕೋಣೆಯಲ್ಲಿ ಐದು ಮೆಟ್ಟಿಲಿಗೆ ನಾಲ್ಕು ಅಡಿ ಸಾಕು. ಎರಡು ಮೆಟ್ಟಿಲು ಕಡಿಮೆ ಮಾಡಿ ಜಮಖಾನ ಹಾಸಲು ಎಡೆ ಉಳಿಸಿಕೊಳ್ಳುವುದು ಹಬ್ಬಕ್ಕೆ ಮಾಡುವ ಕೊರತೆಯಲ್ಲ, ಹಬ್ಬದ ಉದ್ದೇಶವನ್ನು ಸರಿಯಾಗಿ ಅರಿತ ನಡೆ. ಸೋಫಾವನ್ನು ಹತ್ತು ದಿನದ ಮಟ್ಟಿಗೆ ಮಲಗುವ ಕೋಣೆಗೆ ಸಾಗಿಸಿ, ನೆಲದ ಮೇಲೆ ಕೂರಲಾಗದ ಹಿರಿಯರಿಗೆಂದು ಗೋಡೆಯ ಪಕ್ಕ ಎರಡು ಕುರ್ಚಿಗಳನ್ನಷ್ಟೇ ಉಳಿಸಿಕೊಂಡರೆ ಚಿಕ್ಕ ಹಾಲಿನಲ್ಲೂ ಹತ್ತು ಹನ್ನೆರಡು ಜನ ಕುಳಿತುಕೊಳ್ಳಬಹುದು.

ಮೆಟ್ಟಿಲುಗಳ ಎತ್ತರಕ್ಕೂ ನೋಡುವವರ ಕಣ್ಣಿಗೂ ಇರುವ ಸಂಬಂಧವನ್ನು ಹಳೆಯ ಕ್ರಮ ಚೆನ್ನಾಗಿ ಬಲ್ಲದು. ತುತ್ತತುದಿಯ ಮೆಟ್ಟಿಲಲ್ಲಿ ಕಳಶ ಮತ್ತು ಪಟ್ಟದ ಗೊಂಬೆ, ಅದರ ಕೆಳಗೆ ದೇವರುಗಳು ಮತ್ತು ದಶಾವತಾರ, ನಡುವೆ ಪುರಾಣದ ಕಥೆಗಳೂ ಸಾಧುಸಂತರೂ, ಕೆಳಗಿನ ಮೆಟ್ಟಿಲುಗಳಲ್ಲಿ ಮದುವೆ ದಿಬ್ಬಣ, ಸಂತೆ, ತಕ್ಕಡಿ ಹಿಡಿದು ದಿನಸಿಯ ಮುಂದೆ ಕುಳಿತ ಶೆಟ್ಟಿ-ಶೆಟ್ಟಮ್ಮ, ನೆಲದ ಮೇಲೆ ಹಳ್ಳಿ ಅಥವಾ ಪಾರ್ಕು ಎಂಬ ಏರ್ಪಾಡು ಸಾಮಾನ್ಯವಾಗಿ ಎಲ್ಲೆಡೆ ಕಾಣುತ್ತದೆ, ಮನೆತನದಿಂದ ಮನೆತನಕ್ಕೆ ಸಣ್ಣಪುಟ್ಟ ವ್ಯತ್ಯಾಸಗಳಿದ್ದರೂ. ಒಂದೊಂದು ಮೆಟ್ಟಿಲು ಒಂಬತ್ತು ಅಂಗುಲ ಎತ್ತರವಿದ್ದರೆ ನಾಲ್ಕನೆಯ ಮೆಟ್ಟಿಲು ನೆಲದಿಂದ ಮೂರು ಅಡಿಗೆ ಬರುತ್ತದೆ, ಅದು ಐದು ವರ್ಷದ ಮಗುವಿನ ಕಣ್ಣಿನ ಎತ್ತರ. ಹೀಗಾಗಿ ದೊಡ್ಡವರು ಕೈಮುಗಿಯುವ ದೇವರು ದೊಡ್ಡವರ ಕಣ್ಣೆದುರಿಗೂ, ಮಗುವಿಗೆ ಇಷ್ಟವಾಗುವ ಅಂಗಡಿ, ಆನೆ, ವಾಲಗದವರು ಮಗುವಿನ ಕಣ್ಣೆದುರಿಗೂ ತಾವಾಗಿಯೇ ಬಂದು ನಿಲ್ಲುತ್ತವೆ. ಬೆಲೆಬಾಳುವ, ಒಡೆಯುವ ಗೊಂಬೆಗಳನ್ನು ಕೆಳಗಿಟ್ಟು ಬಂದ ಮಕ್ಕಳನ್ನು ಹಬ್ಬದುದ್ದಕ್ಕೂ ಗದರುತ್ತಾ ಇರುವುದಕ್ಕಿಂತ, ಕೆಳಗಿನೆರಡು ಮೆಟ್ಟಿಲುಗಳಿಗೆ ಚನ್ನಪಟ್ಟಣದ ಮರದ ಗೊಂಬೆಗಳನ್ನೂ ಬಟ್ಟೆಯ ಗೊಂಬೆಗಳನ್ನೂ ಮೀಸಲಿಟ್ಟು, ಮುಟ್ಟಿ ನೋಡಲು ಬಿಡುವುದು ಎಷ್ಟೋ ಮೇಲು.

ಪಟ್ಟದ ಗೊಂಬೆಯೆಂದರೆ ರಾಜ ರಾಣಿಯರ ಜೋಡಿ. ಮದುವೆಯಾಗಿ ಹೋಗುವ ಮಗಳಿಗೆ ತವರಿನವರು ಕೊಟ್ಟು ಕಳುಹಿಸುವ ಈ ಜೋಡಿಯನ್ನು ಹಿಂದೆ ಬಹುಮಟ್ಟಿಗೆ ರಕ್ತಚಂದನದಲ್ಲಿ ಕೆತ್ತುತ್ತಿದ್ದರು, ಅವು ತಿರುಪತಿಯ ಕಡೆಯಿಂದ ಬರುತ್ತಿದ್ದವು. ರಕ್ತಚಂದನವನ್ನು ಕಡಿಯುವುದಕ್ಕೂ ಸಾಗಿಸುವುದಕ್ಕೂ ಕಾನೂನಿನ ಕಟ್ಟುನಿಟ್ಟು ಇರುವುದರಿಂದ ಈಗ ದೊರೆಯುವ ಅನೇಕ ಜೋಡಿಗಳು ಬೇರೆ ಮರದವು. ಪ್ರತಿ ವರ್ಷ ಹಳೆಯ ಬಟ್ಟೆ ಬಿಚ್ಚಿ, ಮರಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ ಒರೆಸಿ, ರಾಣಿಗೆ ರೇಷ್ಮೆಯ ತುಂಡಿನಿಂದ ನೆರಿಗೆ ಹಿಡಿದು ಸೀರೆ ಉಡಿಸಿ, ರಾಜನಿಗೆ ಪೇಟ ಸುತ್ತಿ, ಮಣಿಸರ ಪೋಣಿಸಿ ಹಾಕುವ ಕೆಲಸ ಒಂದು ಮಧ್ಯಾಹ್ನವನ್ನೇ ಬೇಡುತ್ತದೆ. ಅಂಗೈಯಷ್ಟಗಲದ ಸೊಂಟಕ್ಕೆ ನೆರಿಗೆ ನಿಲ್ಲಬೇಕಾದರೆ ಜರಿಯ ಅಂಚನ್ನು ಮೊದಲೇ ಇಸ್ತ್ರಿ ಮಾಡಿ, ಗುಂಡುಪಿನ್ನಿನ ಬದಲು ಎರಡು ಹೊಲಿಗೆ ಹಾಕಬೇಕು, ಏಕೆಂದರೆ ಪಿನ್ನು ತುಕ್ಕು ಹಿಡಿದು ರೇಷ್ಮೆಗೆ ಕಲೆ ಬಿಡುತ್ತದೆ. ಈ ಕೆಲಸವನ್ನು ಮನೆಯ ಅಜ್ಜಿಯೂ ಮೊಮ್ಮಕ್ಕಳೂ ಒಟ್ಟಿಗೆ ಕುಳಿತು ಮಾಡಬೇಕು. ಯಾವ ಗೊಂಬೆ ಯಾರ ತವರಿನಿಂದ ಬಂತು, ಯಾವುದನ್ನು ಯಾವ ಜಾತ್ರೆಯಲ್ಲಿ ಕೊಂಡದ್ದು ಎಂಬ ವಿವರಗಳು ಬೇರೆಲ್ಲೂ ಬರೆದಿಟ್ಟಿರುವುದಿಲ್ಲ, ಇಂಥ ಮಧ್ಯಾಹ್ನಗಳಲ್ಲಿಯೇ ಅವು ಮುಂದಿನವರಿಗೆ ದಾಟುತ್ತವೆ.

ಗೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದು ಒರೆಸುವಾಗ ಅವು ಯಾವುದರಿಂದ ಆದವು ಎಂಬುದನ್ನು ಗಮನಿಸದೆ ಒಂದೇ ಒದ್ದೆಬಟ್ಟೆಯನ್ನು ಎಲ್ಲಕ್ಕೂ ಆಡಿಸುವುದರಿಂದಲೇ ಬಹಳಷ್ಟು ಹಾನಿಯಾಗುತ್ತದೆ. ಚನ್ನಪಟ್ಟಣದ ಗೊಂಬೆಗಳನ್ನು ಆಲೆ ಮರದಲ್ಲಿ ಕಡೆದು, ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆತ ಅರಗಿನ ಕಡ್ಡಿಯನ್ನು ಒತ್ತಿಹಿಡಿದು, ಉಜ್ಜುವಿಕೆಯ ಬಿಸಿಗೆ ಕರಗಿದ ಅರಗು ಮೈಗೆ ಹತ್ತುವಂತೆ ಮಾಡಿ, ಆಮೇಲೆ ಒಣಗಿದ ಗರಿಯಿಂದ ಹೊಳಪು ಕೊಡುತ್ತಾರೆ. ಅರಗು ಬಿಸಿಗೆ ಮೆದುವಾಗುವ, ಮದ್ಯಸಾರದಲ್ಲಿ ಕರಗುವ ವಸ್ತುವಾದ್ದರಿಂದ ಇವುಗಳನ್ನು ಸ್ಯಾನಿಟೈಸರ್ ಅಥವಾ ಸ್ಪಿರಿಟ್ ಹಚ್ಚಿ ಒರೆಸಿದರೆ ಬಣ್ಣ ಕಿತ್ತುಬರುತ್ತದೆ, ಒಣ ಮೆದುಬಟ್ಟೆಯೇ ಸಾಕು. ಮಣ್ಣಿನ ಗೊಂಬೆಗಳಿಗೆ ಬಳಿದ ಬಣ್ಣ ಅನೇಕ ವೇಳೆ ನೀರಿಗೆ ಬಿಟ್ಟುಕೊಳ್ಳುವಂಥದ್ದು, ಅವಕ್ಕೆ ಚಿತ್ರ ಬರೆಯುವ ಅಗಲ ಕುಂಚದಿಂದ ದೂಳು ಹೊಡೆಯಬೇಕು. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳವರು ಹಗುರ ಮರದ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಮೇಲೆ ಸೆಣಬು ಮತ್ತು ಸರಿಯ ಲೇಪ ಕೊಟ್ಟು ಮಾಡುವ ಗೊಂಬೆಗಳೂ, ಆಂಧ್ರದ ಕೊಂಡಪಲ್ಲಿಯ ಹಗುರ ಮರದ ಗೊಂಬೆಗಳೂ, ಕಾಗದದ ತಿರುಳಿನ ಗೊಂಬೆಗಳೂ ತೇವ ಹೀರಿದರೆ ಉಬ್ಬಿ ಬಿರುಕುಬಿಡುತ್ತವೆ. ಹೊಸ ಗೊಂಬೆ ಕೊಳ್ಳುವವರು ಇಂಥ ಕೈಕಸುಬಿನ ಊರುಗಳ ಗೊಂಬೆಯನ್ನು ವರ್ಷಕ್ಕೊಂದೇ ಕೊಂಡರೂ ಅದು ಒಳ್ಳೆಯ ಆಯ್ಕೆಯೆನ್ನಬೇಕು. ಮೈಸೂರಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ದಸರೆಯ ಹೊತ್ತಿಗೆ ನಡೆಸುವ ಬೊಂಬೆ ಮನೆ ಎಂಬ ಪ್ರದರ್ಶನ ಮತ್ತು ಮಾರಾಟದಲ್ಲಿ ದೇಶದ ಹಲವು ಭಾಗಗಳ ಗೊಂಬೆಗಳು ಒಂದೆಡೆ ಸಿಗುತ್ತವೆ. ಪಾಡ್ಯಕ್ಕೆ ಮುಂಚಿನ ಹದಿನೈದು ದಿನ ಪಿತೃಪಕ್ಷವಾದ್ದರಿಂದ, ಆಗ ಹೊಸ ವಸ್ತು ತರಬಾರದೆಂಬ ನಂಬಿಕೆಯುಳ್ಳ ಮನೆಗಳವರು ಗೌರಿ ಗಣೇಶದ ಹೊತ್ತಿಗೇ ಖರೀದಿ ಮುಗಿಸಿಕೊಳ್ಳುವುದುಂಟು.

ಪಾರ್ಕಿನ ಹುಲ್ಲು ಅಂಗಡಿಯ ಪ್ಲಾಸ್ಟಿಕ್ ಹಾಸಾಗಬೇಕಿಲ್ಲ. ಅಗಲವಾದ ತಟ್ಟೆಯಲ್ಲಿ ಎರಡು ಅಂಗುಲ ಮಣ್ಣು ಮರಳು ಬೆರೆಸಿ ಹರಡಿ, ರಾತ್ರಿ ನೆನೆಸಿದ ರಾಗಿಯನ್ನೋ ಸಾಸಿವೆಯನ್ನೋ ಒತ್ತಾಗಿ ಚೆಲ್ಲಿ, ತೆಳುವಾಗಿ ಮಣ್ಣು ಮುಚ್ಚಿ, ದಿನಕ್ಕೆರಡು ಸಲ ನೀರು ಚಿಮುಕಿಸಿದರೆ ನಾಲ್ಕೈದು ದಿನಗಳಲ್ಲಿ ಹಸಿರು ಏಳುತ್ತದೆ. ಪಾಡ್ಯಕ್ಕೆ ಐದು ದಿನ ಮೊದಲು ಒಂದು ತಟ್ಟೆ, ಪಾಡ್ಯದಂದು ಇನ್ನೊಂದು ತಟ್ಟೆ ಬಿತ್ತಿಟ್ಟರೆ, ಮೊದಲಿನದು ಹಳದಿಗೆ ತಿರುಗುವ ಹೊತ್ತಿಗೆ ಎರಡನೆಯದು ಸಿದ್ಧವಾಗಿರುತ್ತದೆ. ಈ ಕೆಲಸ ಪೂರ್ತಿಯಾಗಿ ಮಕ್ಕಳಿಗೆ ಸೇರಬೇಕು.

ದೀಪದ ವಿಷಯದಲ್ಲಿ ಎಚ್ಚರಿಕೆ ಸಾಲದಾಗಿದೆ. ಮೆಟ್ಟಿಲಿಗೆ ಹಾಸಿದ ಬಟ್ಟೆ, ರೇಷ್ಮೆಯ ತುಂಡುಗಳು, ಒಣಗಿದ ತೋರಣ, ಕಾಗದದ ಅಲಂಕಾರ ಎಲ್ಲವೂ ಒಂದೇ ಗೋಡೆಯ ಬಳಿ ಸೇರಿರುವಲ್ಲಿ ಹಣತೆಯನ್ನು ಮೆಟ್ಟಿಲ ಮೇಲಿಡುವುದು ಅಪಾಯ; ನಂದಾದೀಪ, ಅಂದರೆ ಒಂಬತ್ತು ದಿನ ಆರದಂತೆ ನೋಡಿಕೊಳ್ಳುವ ದೀಪವನ್ನು ಇಡುವ ಮನೆಗಳಲ್ಲಿ ಅದನ್ನು ದೇವರ ಮನೆಯಲ್ಲೇ ಗಾಜಿನ ಚಿಮಣಿಯೊಳಗೆ ಇರಿಸಿ, ಗೊಂಬೆಗಳ ಮುಂದಿನ ದೀಪವನ್ನು ಬಟ್ಟೆಯಿಂದ ಎರಡಡಿ ದೂರದಲ್ಲಿ ಹಿತ್ತಾಳೆಯ ತಟ್ಟೆಯ ಮೇಲಿಟ್ಟು, ಮಕ್ಕಳ ಲಂಗ ತಾಕದಂತೆ ಒಂದು ಬದಿಗೆ ಸರಿಸಬೇಕು. ಒಂದೇ ಪ್ಲಗ್ಗಿಗೆ ನಾಲ್ಕು ಸೀರಿಯಲ್ ಸೆಟ್ಟುಗಳನ್ನು ಸಿಕ್ಕಿಸುವುದೂ ಅಷ್ಟೇ ಕೆಟ್ಟದ್ದು. ಅಷ್ಟಾಗಿ ಬಿಸಿಯಾಗದ ಎಲ್‌ಇಡಿ ದೀಪಗಳನ್ನು ಬಳಸಿ, ರಾತ್ರಿ ಮಲಗುವ ಮುನ್ನ ಸ್ವಿಚ್ಚು ಆರಿಸುವ ಹೊಣೆಯನ್ನು ಮನೆಯ ಒಬ್ಬರಿಗೆ ಹೆಸರು ಹಿಡಿದು ವಹಿಸಬೇಕು.

ಅಡುಗೆಮನೆಯ ಸಿದ್ಧತೆಯಲ್ಲಿ ಮುಖ್ಯವಾದದ್ದು ಉಸಲಿ. ನೆನೆಸಿ ಬೇಯಿಸಿದ ಕಾಳಿಗೆ ಸಾಸಿವೆ, ಇಂಗು, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟು ಕಾಯಿತುರಿ ಬೆರೆಸಿದ ತಿನಿಸು ಇದು. ಕಡಲೆಕಾಳು, ಹೆಸರುಕಾಳು, ಅಲಸಂದೆ, ಬಟಾಣಿ ಎಂದು ದಿನಕ್ಕೊಂದು ಕಾಳಿನಂತೆ ಬದಲಾಯಿಸಿದರೆ ಹತ್ತು ದಿನವೂ ಬೇಸರ ತಾರದು. ಒಣ ಕಡಲೆಕಾಳು ನೆಂದು ಬೆಂದ ಮೇಲೆ ತೂಕದಲ್ಲಿ ಸುಮಾರು ಎರಡು ಪಟ್ಟಾಗುತ್ತದೆ, ಆದ್ದರಿಂದ ಒಂದು ಕಿಲೋ ಕಾಳಿನಿಂದ ಇಪ್ಪತ್ತೈದು ಜನಕ್ಕೆ ಒಂದೊಂದು ಚಿಕ್ಕ ದೊನ್ನೆ ಕೊಡಬಹುದು. ಕಡಲೆಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು, ಹೆಸರುಬೇಳೆಯ ಕೋಸಂಬರಿಗಾದರೆ ಒಂದು ಗಂಟೆ ಸಾಕು. ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕದೆ ಮೊದಲೇ ಹಾಕಿಟ್ಟರೆ ಸೌತೆಕಾಯಿ ನೀರು ಬಿಟ್ಟು ತಟ್ಟೆಯೆಲ್ಲ ತೇವವಾಗುತ್ತದೆ. ಕಾಯಿತುರಿ ಬೆರೆತ ಉಸಲಿ ಸೆಕೆಯಲ್ಲಿ ಬೇಗ ಹಳಸುವುದರಿಂದ, ಬೆಂದ ಕಾಳನ್ನು ಫ್ರಿಜ್ಜಿನಲ್ಲಿಟ್ಟುಕೊಂಡು, ಬರುವವರ ಗುಂಪು ನೋಡಿ ಸ್ವಲ್ಪ ಸ್ವಲ್ಪವೇ ಒಗ್ಗರಣೆ ಕೊಡುವುದು ಜಾಣತನ. ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ನಿಷೇಧಿಸಲಾಗಿದೆ. ಮುತ್ತುಗದ ಅಥವಾ ಅಡಿಕೆ ಹಾಳೆಯ ದೊನ್ನೆ ಇರುವಾಗ ಅವುಗಳ ಅಗತ್ಯವೂ ಇಲ್ಲ.

ಮಕ್ಕಳಿಗೆ ಕೊಡುವ ತಿನಿಸಿಗೆ ಗೊಂಬೆ ಬಾಗಿನ ಎಂದು ಹೆಸರು. ಒಂದು ತಲೆಮಾರಿನ ಹಿಂದೆ ಮೈಸೂರಿನ ಬೀದಿಗಳಲ್ಲಿ ಮಕ್ಕಳು ಗುಂಪು ಕಟ್ಟಿಕೊಂಡು, ಗುರುತಿಲ್ಲದ ಮನೆಯ ಬಾಗಿಲಲ್ಲೂ ನಿಂತು, ಗೊಂಬೆ ಕೂರಿಸಿದ್ದೀರಾ ಎಂದು ಕೂಗಿ ಕೇಳುತ್ತಿದ್ದರು. ಕೂರಿಸಿದ ಮನೆಯವರು ಒಳಗೆ ಕರೆದು, ಒಂದು ಹಾಡು ಹೇಳಿಸಿ, ಕೈಗೆ ಚಕ್ಕುಲಿಯನ್ನೋ ರವೆ ಉಂಡೆಯನ್ನೋ ಹಾಕಿ ಕಳುಹಿಸುತ್ತಿದ್ದರು. ಗೇಟಿನಲ್ಲಿ ಹೆಸರು ಬರೆಸಿ ಒಳಬಿಡುವ ಅಪಾರ್ಟ್‌ಮೆಂಟುಗಳ ಕಾಲದಲ್ಲಿ ಆ ಕೂಗು ಕಡಿಮೆಯಾಗಿರುವುದು ನಿಜವಾದ ನಷ್ಟ. ಆದರೂ ಒಂದೇ ಸಮುಚ್ಚಯದಲ್ಲಿ ಗೊಂಬೆ ಕೂರಿಸುವ ನಾಲ್ಕಾರು ಮನೆಗಳವರು ಮಾತಾಡಿಕೊಂಡು ಒಂದು ಸಂಜೆಯನ್ನು ಮಕ್ಕಳಿಗೆಂದೇ ಗೊತ್ತುಮಾಡಿ, ಮಹಡಿಯಿಂದ ಮಹಡಿಗೆ ಅವರೇ ಹೋಗಿಬರುವಂತೆ ಏರ್ಪಾಡು ಮಾಡಿದರೆ ಅದನ್ನು ಮರಳಿ ತರುವುದು ಅಸಾಧ್ಯವೇನಲ್ಲ. ಚಕ್ಕುಲಿ, ಕೋಡುಬಳೆ, ಉಂಡೆಗಳನ್ನು ಹಬ್ಬಕ್ಕೆ ಮೂರು ದಿನ ಮೊದಲೇ ಮಾಡಿ ಡಬ್ಬಕ್ಕೆ ತುಂಬಿಡಬಹುದಾದ್ದರಿಂದ ಅದೇನೂ ಹೊರೆಯಾಗದು.

ದೊಡ್ಡವರನ್ನು ಕರೆಯುವ ಪದ್ಧತಿ ಬದಲಾಗಿದೆ. ಹಿಂದೆ ಕುಂಕುಮದ ಭರಣಿ ಹಿಡಿದು ಮನೆಮನೆಗೆ ಹೋಗಿ ಹಣೆಗಿಟ್ಟು ಕರೆಯುತ್ತಿದ್ದರು. ಈಗ ವಾಟ್ಸ್ಯಾಪ್ ಗುಂಪಿಗೆ ಒಂದು ಚಿತ್ರ ಹಾಕಿದರೆ ಕರೆದಂತಾಯಿತು. ಎಲ್ಲರನ್ನೂ ಒಂದೇ ಶನಿವಾರ ಕರೆದು ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬೀಳಿಸುವುದರ ಬದಲು ನೆರೆಯವರನ್ನು ಮೊದಲ ದಿನಗಳಿಗೆ, ಕಚೇರಿಗೆ ಹೋಗುವ ಗೆಳೆಯರನ್ನು ರಜೆಯ ಸಂಜೆಗಳಿಗೆ, ಹತ್ತಿರದ ನೆಂಟರನ್ನು ಮೂಲಾ ನಕ್ಷತ್ರದ ಸರಸ್ವತಿ ಪೂಜೆಯ ದಿನಕ್ಕೆ ಎಂದು ಹಂಚಿಕೊಂಡರೆ ಪ್ರತಿಯೊಬ್ಬರೊಡನೆಯೂ ಹತ್ತು ನಿಮಿಷ ಕುಳಿತು ಮಾತಾಡಲು ಆಗುತ್ತದೆ. ಆಯುಧಪೂಜೆಯ ಸಂಜೆ ಎಲ್ಲರ ಮನೆಯಲ್ಲೂ ಕೆಲಸ ಇರುವುದರಿಂದ ಆ ದಿನವನ್ನು ಬಿಟ್ಟುಬಿಡುವುದು ಮೇಲು. ಅಮೆರಿಕ, ಬ್ರಿಟನ್ನುಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಹಬ್ಬದ ನಡುವಿನ ಶನಿವಾರ ಭಾನುವಾರಗಳಲ್ಲಿ ಮಧ್ಯಾಹ್ನದಿಂದ ರಾತ್ರಿಯವರೆಗೆ ಮನೆ ತೆರೆದಿಟ್ಟು, ಬಂದವರು ತಮಗೆ ಅನುಕೂಲವಾದ ಹೊತ್ತಿಗೆ ಬಂದುಹೋಗಲಿ ಎಂದು ತಿಳಿಸುವ ಕ್ರಮವನ್ನು ರೂಢಿಸಿಕೊಂಡಿವೆ, ಅದು ಇಲ್ಲಿಯ ನಗರಗಳಿಗೂ ಒಗ್ಗುತ್ತದೆ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಅರಿಶಿನ ಕುಂಕುಮವೆಂಬ ಹೆಸರಿನಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರನ್ನು ಕರೆಯದೆ ಬಿಡುವ, ಕರೆದರೂ ತಾಂಬೂಲದ ಹೊತ್ತಿಗೆ ದಾಟಿಹೋಗುವ ವಾಡಿಕೆ ಈ ಹಬ್ಬದ ಮೇಲಿನ ಕಪ್ಪುಚುಕ್ಕೆ. ಗೊಂಬೆಗಳ ಕಥೆಗಳನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಅಜ್ಜಿಯೇ ಒಳಮನೆಯಲ್ಲಿ ಕೂರಬೇಕಾದ ಮನೆಯನ್ನು ಹಬ್ಬಕ್ಕೆ ಅಣಿಯಾದ ಮನೆಯೆಂದು ಕರೆಯಲಾಗದು. ವೀಳ್ಯದೆಲೆ, ಅಡಿಕೆ, ಹಣ್ಣು, ಹೂವು, ರವಿಕೆ ಕಣ ಒಳಗೊಂಡ ತಾಂಬೂಲವನ್ನು ಬಂದ ಪ್ರತಿಯೊಬ್ಬರಿಗೂ ಒಂದೇ ರೀತಿಯಲ್ಲಿ ಕೊಡುವ ಮನೆಗಳು ಈಗ ಇವೆ, ಅವುಗಳ ಸಂಖ್ಯೆ ಹೆಚ್ಚಬೇಕು. ರವಿಕೆ ಕಣ ಯಾರೂ ಹೊಲಿಸದೆ ಮನೆಯಿಂದ ಮನೆಗೆ ತಿರುಗುವ ತುಂಡುಬಟ್ಟೆಯಾಗಿಬಿಟ್ಟಿದೆ. ಅದಕ್ಕೆ ಬದಲಾಗಿ ಮೈಸೂರು ಮಲ್ಲಿಗೆಯ ಒಂದು ಮೊಳ, ನಂಜನಗೂಡಿನ ರಸಬಾಳೆಯ ಎರಡು ಹಣ್ಣು ಕೊಟ್ಟರೆ ಪಡೆದವರಿಗೂ ಸಂತೋಷ, ಬೆಳೆದವರಿಗೂ ಉಪಕಾರ.

ಹತ್ತು ಸಂಜೆಗಳ ಕೆಲಸ ಒಬ್ಬಳೇ ಹೆಂಗಸಿನ ಮೇಲೆ ಬಿದ್ದಾಗ ಮಾಡಿದ ಸಿದ್ಧತೆಯೆಲ್ಲ ನಾಲ್ಕನೆಯ ದಿನಕ್ಕೆ ಸೋತುಹೋಗುತ್ತದೆ. ಸ್ಟ್ಯಾಂಡು ಜೋಡಿಸಿ ಕೊಟ್ಟರೆ ತಮ್ಮ ಪಾಲು ಮುಗಿಯಿತೆಂದು ಗಂಡಸರು ಭಾವಿಸುವುದು ಸಾಮಾನ್ಯ. ದಿನವೂ ಕಾಳು ನೆನೆಹಾಕುವುದು, ಬಾಡಿದ ಹೂವು ತೆಗೆಯುವುದು, ದೊನ್ನೆಗೆ ತುಂಬಿ ಕೊಡುವುದು, ಬಂದವರು ಹೋದ ಮೇಲೆ ಜಮಖಾನ ಕೊಡವಿ ಗುಡಿಸುವುದು ಇವೆಲ್ಲ ಯಾರ ಕೆಲಸವೆಂದು ಪಾಡ್ಯಕ್ಕೆ ಮೊದಲೇ ಗೊತ್ತಾಗಬೇಕು. ಬಂದವರಿಗೆ ತಿನಿಸಿಗಿಂತ ಮನೆಯಾಕೆಯ ಜೊತೆಗಿನ ಮಾತು ಬೇಕಾಗಿರುತ್ತದೆ, ಆಕೆ ಒಲೆಯ ಮುಂದೆಯೇ ನಿಂತಿದ್ದರೆ ಅದು ಸಿಗದು.

ವಿಜಯದಶಮಿಯ ರಾತ್ರಿ ಆರತಿಯಾದ ಮೇಲೆ ಒಂದು ಗೊಂಬೆಯನ್ನು ಮಲಗಿಸಿ ಹಬ್ಬ ಮುಗಿಸುತ್ತಾರೆ. ಮರುದಿನ ಎತ್ತಿಡುವ ಕೆಲಸ. ಮೊದಲ ಪದರಕ್ಕೆ ಹಳೆಯ ಪಂಚೆ ಅಥವಾ ಹತ್ತಿ ಸೀರೆಯ ತುಂಡು ಸುತ್ತಿ ಅದರ ಮೇಲೆ ವೃತ್ತಪತ್ರಿಕೆಯ ಕಾಗದ ಬಳಸಬೇಕು, ಅಚ್ಚಿನ ಮಸಿ ನೇರವಾಗಿ ತಾಕಿದರೆ ತಿಳಿಬಣ್ಣದ ಗೊಂಬೆಯ ಮುಖಕ್ಕೆ ಕಲೆಯಾಗುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಮರದ ಗೊಂಬೆ ಬೂಷ್ಟು ಹಿಡಿಯುವುದರಿಂದ ಅದು ಬೇಡ. ಒಣಗಿದ ಬೇವಿನ ಸೊಪ್ಪನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಗಳಲ್ಲಿ ಇಡಬಹುದು. ಭಾರದ ಮಣ್ಣಿನ ಗೊಂಬೆಗಳು ತಳಕ್ಕೆ, ಮರದವು ನಡುವೆ, ಮೊದಲು ಬೇಕಾಗುವ ಪಟ್ಟದ ಗೊಂಬೆ ಎಲ್ಲಕ್ಕಿಂತ ಮೇಲೆ. ಮುಚ್ಚಳದ ಒಳಮೈಗೆ ಒಂದು ಪಟ್ಟಿ ಅಂಟಿಸಿ, ಪೆಟ್ಟಿಗೆಯಲ್ಲಿ ಯಾವ ಗೊಂಬೆಗಳಿವೆ, ಯಾವುದಕ್ಕೆ ಕೈ ಮುರಿದಿದೆ, ಯಾವುದಕ್ಕೆ ಬಣ್ಣ ಬೇಕು ಎಂದು ಬರೆದಿಟ್ಟರೆ, ದುರಸ್ತಿಗೆ ಕೊಡಬೇಕಾದುವನ್ನು ಶ್ರಾವಣದಲ್ಲೇ ಕಲಾವಿದರಿಗೆ ಒಪ್ಪಿಸಬಹುದು. ಹಬ್ಬ ಹತ್ತಿರವಾದ ಮೇಲೆ ಅವರ ಕೈಗೆ ಪುರಸೊತ್ತು ಇರುವುದಿಲ್ಲ.